ಅಧ್ಯಯನ ಪಾಠ: ಆರೋಗ್ಯ ಇಲಾಖೆಯ ಕಾರ್ಯ ಮತ್ತು ಗ್ರಾಮ ಪಂಚಾಯತಿನ ಹೊಣೆ



ಆರೋಗ್ಯ ಇಲಾಖೆ ಎಂದೊಡನೆ ನೆನಪಾಗುವುದು ಆಸ್ಪತ್ರೆ, ವೈದ್ಯರು ಮತ್ತು ಔಷಧ. ರೋಗಿಗೆ ಚಿಕಿತ್ಸೆ ನೀಡುವುದು ಇಲಾಖೆಯ ಒಂದು ಕಾರ್ಯ. ಆರೋಗ್ಯವಂತರು ರೋಗಿಗಳಾಗದಂತೆ ತಡೆಯುವುದು ಅಷ್ಟೇ ಮುಖ್ಯವಾದ ಇನ್ನೊಂದು ಕಾರ್ಯ. ಈ ಎರಡನೆಯದು ಗ್ರಾಮ ಪಂಚಾಯತಿನ ನೆರವಿಲ್ಲದೆ ನೆರವೇರದು. ಸಂವಿಧಾನದ 11ನೇ ಅನುಸೂಚಿಯ 23ನೇ ವಿಷಯವಾಗಿ ಆರೋಗ್ಯ ಮತ್ತು ನೈರ್ಮಲ್ಯವನ್ನು ಸೇರಿಸಿರುವುದು ಈ ಕಾರಣದಿಂದಲೇ.

1854ರಲ್ಲಿ ಲಂಡನ್ ನಗರದ ಒಂದು ಬಡಾವಣೆಯಲ್ಲಿ ಕಾಲರಾ ಹರಡಿದಾಗ, ವೈದ್ಯ ಜಾನ್ ಸ್ನೋ ಅವರು ಸತ್ತವರ ಮನೆಗಳನ್ನು ಗುರುತಿಸಿ, ಬ್ರಾಡ್ ಬೀದಿಯ ನೀರಿನ ಪಂಪಿನ ಮೇಲೆ ಸಂಶಯ ವ್ಯಕ್ತಪಡಿಸಿದರು. ಕಾರಣವನ್ನು ಕಂಡವರು ವೈದ್ಯರು. ಆದರೆ ಪಂಪಿನ ಹಿಡಿಯನ್ನು ತೆಗೆಸುವ ಅಧಿಕಾರವಿದ್ದುದು ಸ್ಥಳೀಯ ಮಂಡಳಿಗೆ. ಇಂದಿಗೂ ಇಲಾಖೆ ಮತ್ತು ಪಂಚಾಯತಿನ ಸಂಬಂಧ ಇಂತಹದೇ.

ಸಾಸ್ತಾನ ಪರಿಸರದ ಉದಾಹರಣೆ

ಸಾಸ್ತಾನದ ಒಂದೆಡೆ ಕಡಲು ಮತ್ತು ಹಂಗಾರಕಟ್ಟೆಯ ಅಳಿವೆ, ಇನ್ನೊಂದೆಡೆ ಗದ್ದೆ ತೋಟಗಳು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮಳೆಗಾಲದಲ್ಲಿ ಈ ಮೂರೂ ಕಡೆಗಳಲ್ಲಿ ರೋಗಕ್ಕೆ ಎಡೆಯುಂಟು.

1. ಡೆಂಗಿ: ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ದೋಣಿಗೆ ಕಟ್ಟುವ ಹಳೆಯ ಟಯರು, ಮೀನಿನ ಪೆಟ್ಟಿಗೆ, ತೆಂಗಿನ ಗೆರಟೆ, ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ಹೆದ್ದಾರಿ ಬದಿಯ ಗುಜರಿ ಇವೆಲ್ಲ ಅದರ ತೊಟ್ಟಿಲುಗಳು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಒಣಗಿಸಿದರೆ ಸಂತತಿ ಮುಂದುವರಿಯದು. ಹೊಗೆ ಹಾಯಿಸುವುದರಿಂದ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ, ಲಾರ್ವಾ ಉಳಿಯುತ್ತದೆ. 2024ರಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ನೀಡುವ ಗ್ರಾಮೀಣ ಮನೆಗಳಿಗೆ 200 ರೂಪಾಯಿ ದಂಡವನ್ನು ನಿಗದಿಪಡಿಸಿತು. ದಂಡಕ್ಕಿಂತ ಮೊದಲು ತಿಳಿವಳಿಕೆ ತಲುಪಿಸುವುದು ನಮ್ಮ ಕರ್ತವ್ಯ.

2. ಇಲಿಜ್ವರ: ಇಲಿಯ ಮೂತ್ರ ಸೇರಿದ ಕೆಸರುನೀರಿನಿಂದ, ಕಾಲಿನ ಗಾಯ ಒಡಕುಗಳ ಮೂಲಕ ರೋಗಾಣು ದೇಹವನ್ನು ಸೇರುತ್ತದೆ. ನಾಟಿ ಮಾಡುವವರು, ತೋಡು ಚರಂಡಿಗಳ ಹೂಳು ತೆಗೆಯುವವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಜ್ವರ, ಮೀನಖಂಡದ ತೀವ್ರ ನೋವು, ಕೆಂಪಾದ ಕಣ್ಣು ಕಂಡುಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ತಡವಾದರೆ ಮೂತ್ರಪಿಂಡ ಮತ್ತು ಯಕೃತ್ತು ಕೆಟ್ಟು ಪ್ರಾಣಕ್ಕೇ ಅಪಾಯ. ಸಕಾಲದಲ್ಲಿ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕ ಔಷಧದಿಂದಲೇ ಗುಣವಾಗುವ ರೋಗವಿದು. ಚರಂಡಿ ಕೆಲಸಕ್ಕೆ ಜನರನ್ನು ಇಳಿಸುವ ಮುನ್ನ ಗಂಬೂಟು, ಕೈಗವಸು ಒದಗಿಸುವ ಹೊಣೆ ಕೆಲಸ ಮಾಡಿಸುವ ಪಂಚಾಯತಿನದು.

3. ಬಾವಿಯ ನೀರು: ನೆರೆನೀರು ಸೇರಿದ ಬಾವಿಯನ್ನು ಶುದ್ಧೀಕರಿಸದೆ ಬಳಸಬಾರದು. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿದರೆ ನೀರಿನ ಪ್ರಮಾಣ ಘನ ಮೀಟರಿನಲ್ಲಿ ದೊರೆಯುತ್ತದೆ. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಉತ್ತಮ ಬ್ಲೀಚಿಂಗ್ ಪುಡಿ ಸುಮಾರು 24 ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ ಒಂದು ಗಂಟೆ ನೀರೆತ್ತದಿರಬೇಕು. ನೀರು ತೀರ ಕಲುಷಿತವಾಗಿದ್ದರೆ ಪ್ರಮಾಣವನ್ನು ಆರೋಗ್ಯ ನಿರೀಕ್ಷಣಾಧಿಕಾರಿಗಳಿಂದ ತಿಳಿಯಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸುವ ರೂಢಿಯನ್ನು ಬಿಡಬಾರದು.

ಸದಸ್ಯರ ಪಾತ್ರ

ಜ್ವರದ ಸುದ್ದಿ ಮೊದಲು ಮುಟ್ಟುವುದು ವಾರ್ಡಿನ ಸದಸ್ಯರಿಗೆ. ಖಾಸಗಿ ಚಿಕಿತ್ಸಾಲಯಕ್ಕೆ ಹೋದವರ, ಮನೆಯಲ್ಲೇ ಕಷಾಯ ಕುಡಿದು ಮಲಗಿದವರ ಮಾಹಿತಿ ಇಲಾಖೆಗೆ ತಲುಪದೆ ಹೋಗಬಹುದು. ಒಂದೇ ಕೇರಿಯಲ್ಲಿ ಎರಡು ಮೂರು ಮನೆಗಳಲ್ಲಿ ಜ್ವರವೆಂದು ತಿಳಿದರೆ, ಮಾಸಿಕ ಸಭೆಗೆ ಕಾಯದೆ ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ರೋಗಿಯ ಹೆಸರನ್ನು ಇತರೆಡೆ ಪ್ರಚಾರ ಮಾಡಬಾರದು. ಹಾಗೆ ಮಾಡಿದರೆ ಮುಂದೆ ಜನರು ರೋಗವನ್ನು ಮುಚ್ಚಿಡುವರು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಅಧ್ಯಕ್ಷತೆ ಪಂಚಾಯತ್ ಸದಸ್ಯರದು. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಈ ಸಮಿತಿಗೆ ವರ್ಷಕ್ಕೆ ಗರಿಷ್ಠ 10,000 ರೂಪಾಯಿಗಳ ಮುಕ್ತ ನಿಧಿಯ ಅವಕಾಶವಿದೆ. ಮೊತ್ತ ಸಣ್ಣದಾದರೂ, ಮಳೆಗೆ ಮುನ್ನವೇ ಸಭೆ ಸೇರಿ ನಿರ್ಣಯಿಸಿದಲ್ಲಿ ಒಂದು ಗ್ರಾಮದ ಬ್ಲೀಚಿಂಗ್ ಪುಡಿಗೂ ಕರಪತ್ರಕ್ಕೂ ಸಾಕಾದೀತು.

ಚರ್ಚೆಗಾಗಿ ಪ್ರಶ್ನೆಗಳು

1. ನಿಮ್ಮ ವಾರ್ಡಿನಲ್ಲಿ ನೀರು ನಿಲ್ಲುವ ಹತ್ತು ಸ್ಥಳಗಳು ಯಾವುವು? ಅವುಗಳಲ್ಲಿ ಪಂಚಾಯತಿಗೆ ಸೇರಿದವು ಎಷ್ಟು?
2. ಸಮಿತಿಯ ಕಳೆದ ಸಭೆ ಯಾವಾಗ ನಡೆಯಿತು? ಅದರ ನಿರ್ಣಯಗಳಲ್ಲಿ ಜಾರಿಯಾದವು ಯಾವುವು?
3. ಆಶಾ ಕಾರ್ಯಕರ್ತೆಯು ಸೂಚಿಸಿದ ದೋಷವನ್ನು ಸರಿಪಡಿಸಲು ಪಂಚಾಯತ್ ಎಷ್ಟು ದಿನ ತೆಗೆದುಕೊಳ್ಳುತ್ತಿದೆ?

ಮೂರನೆಯ ಪ್ರಶ್ನೆಯ ಉತ್ತರವು ಒಂದು ವಾರವನ್ನು ಮೀರಿದ್ದರೆ, ಅಷ್ಟರಲ್ಲಿ ಸೊಳ್ಳೆಯ ಒಂದು ತಲೆಮಾರು ಹಾರಿಹೋಗಿರುತ್ತದೆ ಎಂಬುದನ್ನು ಗಮನಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸುವಂತೆ ಕೋರಲಾಗಿದೆ.