ಕಾವೇರಿಯ ಈ ದಡದ ಪ್ರಜೆ, ಆ ದಡದ ಪ್ರಜೆ

ಪ್ರಶ್ನೆ: ನಮ್ಮಜ್ಜ 1920ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಹುಟ್ಟಿದವರು. ಮುತ್ತಜ್ಜನೂ ಅಲ್ಲಿಯವರೇ. ಹಾಗಾದರೆ ಅಜ್ಜ ಬ್ರಿಟಿಷ್ ಪ್ರಜೆಯಾಗಿದ್ದರೇ?
– ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಇಲ್ಲ. ಅವರು ಮೈಸೂರು ಮಹಾರಾಜರ ಪ್ರಜೆ. ದೇಶವೆಲ್ಲ ಬ್ರಿಟಿಷರ ಕೈಯಲ್ಲಿತ್ತೆಂದು ಶಾಲೆಯಲ್ಲಿ ಓದಿದ ನಮಗೆ ಇದನ್ನು ನಂಬುವುದು ಕಷ್ಟ. ಆದರೆ 1914ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆ ಮೊದಲು ನೋಡುತ್ತಿದ್ದುದು ಹುಟ್ಟಿದ ನೆಲವನ್ನು. ಆ ನೆಲ ಇಂಗ್ಲೆಂಡಿನ ದೊರೆಯದೇ ಆಗಿದ್ದರೆ ಮಗು ಬ್ರಿಟಿಷ್ ಪ್ರಜೆ. ಮೈಸೂರು ಹಾಗಿರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರೇ ಆಡಳಿತ ನಡೆಸಿದರೂ ಸಂಸ್ಥಾನ ಸಂಸ್ಥಾನವಾಗಿಯೇ ಉಳಿಯಿತು.

ಕೊಪ್ಪದಿಂದ ಸೇತುವೆ ದಾಟಿದರೆ ಕುಶಾಲನಗರ, ಆಗಿನ ಫ್ರೇಸರ್‌ಪೇಟೆ. ಕೊಡಗನ್ನು 1834ರಲ್ಲೇ ಕಂಪನಿ ಸರ್ಕಾರ ವಶಪಡಿಸಿಕೊಂಡಿದ್ದರಿಂದ ಅಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು. ಕೊಪ್ಪದ ಸೊಸೆಯೊಬ್ಬಳು ಚೊಚ್ಚಲ ಹೆರಿಗೆಗೆ ಹೊಳೆಯಾಚೆಯ ತವರಿಗೆ ಹೋದಳೆನ್ನಿ. ಆ ಮಗು ಬ್ರಿಟಿಷ್ ಪ್ರಜೆ. ಎರಡನೆಯದು ಗಂಡನ ಮನೆಯಲ್ಲೇ ಹುಟ್ಟಿದರೆ ಮೈಸೂರಿನ ಪ್ರಜೆ. ಹೆಗ್ಗಡದೇವನಕೋಟೆ ಕಡೆ ಬಾವಲಿ ದಾಟಿದರೂ ಇದೇ ಕಥೆ. ಆಚೆಯ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು.

ಊರಲ್ಲೇ ಇದ್ದವರಿಗೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ. ಹಡಗು ಹತ್ತುವಾಗ ಗೊತ್ತಾಗುತ್ತಿತ್ತು. ಮೈಸೂರಿನವರ ಪಾಸ್‌ಪೋರ್ಟೂ ಬ್ರಿಟಿಷ್ ಭಾರತದ್ದೇ. ಆದರೆ ಅದರಲ್ಲಿ ಅವರು ಪ್ರಜೆಯಲ್ಲ, ‘ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ’. 1918ರಲ್ಲಿ ಹೈಫಾದಲ್ಲಿ ಬ್ರಿಟಿಷರ ಪರವಾಗಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ನಮ್ಮ ಸೀಮೆಯಲ್ಲಿ ಹುಟ್ಟಿದ ಸವಾರರಿಗೂ ಇದೇ ಲೆಕ್ಕ. ಪ್ರಾಣ ಒತ್ತೆಯಿಟ್ಟವರನ್ನು ಹೊರಗಿನವರ ಸಾಲಿನಲ್ಲಿ ನಿಲ್ಲಿಸಿದ ಈ ಕಾನೂನು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ಪ್ರಜೆ ಎಂದರೂ ನಾಗರಿಕ ಎಂದರೂ ನಾವು ಒಂದೇ ಅರ್ಥ ಮಾಡಿಕೊಳ್ಳುತ್ತೇವೆ. ಕಾನೂನಿನಲ್ಲಿ ಪ್ರಜೆಯೆಂದರೆ ದೊರೆಗೆ ನಿಷ್ಠೆ ಸಲ್ಲಿಸಬೇಕಾದವನು. ‘ಬ್ರಿಟಿಷ್ ನಾಗರಿಕ’ ಎಂಬ ಸ್ಥಾನಮಾನ ಜಾರಿಗೆ ಬಂದದ್ದು 1983ರ ಜನವರಿ 1ರಂದು. ಅಜ್ಜನ ಕಾಲದಲ್ಲಿ ಲಂಡನ್ನಿನಲ್ಲಿ ಹುಟ್ಟಿದವರಿಗೂ ಆ ಹೆಸರಿರಲಿಲ್ಲ.

ನಮ್ಮ ಸಂವಿಧಾನದ ಪೌರತ್ವದ ವಿಧಿಗಳು ಗಣರಾಜ್ಯೋತ್ಸವಕ್ಕೂ ಮೊದಲೇ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಕೊಪ್ಪದವರೂ ಕುಶಾಲನಗರದವರೂ ಅಂದು ಒಟ್ಟಿಗೆ ಭಾರತದ ನಾಗರಿಕರಾದರು. ಮನೆಯ ವಂಶಾವಳಿ ಬರೆಯುತ್ತಿದ್ದರೆ ಅಜ್ಜನ ಹೆಸರಿನ ಮುಂದೆ ‘ಮೈಸೂರು ಸಂಸ್ಥಾನದ ಪ್ರಜೆ, ಆಮೇಲೆ ಭಾರತದ ನಾಗರಿಕ’ ಎಂದು ಬರೆಯಿರಿ.