ಸೀಟು ಬಿಡುವ ಮುನ್ನ, ಹಿಡಿಯುವ ಮುನ್ನ

ಬಂಡ್ರಿ ಮತ್ತು ಸುತ್ತಲ ಊರುಗಳ ಸಿಇಟಿ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಬಂದಿದೆ. ಖರ್ಚಿನ ಲೆಕ್ಕ ನೋಡಿದ ಮೇಲೆ ಹೊಸಪೇಟೆಯೋ ಬಳ್ಳಾರಿಯೋ ಸಾಕಿತ್ತು ಅನ್ನಿಸುತ್ತಿದೆ. ಯೋಚನೆ ಎಷ್ಟಾದರೂ ಮಾಡಿ, ಕೆಇಎ ಕೊಟ್ಟ ಕೊನೆಯ ದಿನದೊಳಗೆ ಮುಗಿಸಿ. ದಾಟಿದರೆ ಸೀಟು, ಕಟ್ಟಿದ ದುಡ್ಡು, ಒಂದು ವರ್ಷ ಮೂರೂ ಹೋಗಬಹುದು.

ಮಾಡಬೇಕಾದ್ದು

ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕೆಇಎಯ ನಾಲ್ಕು ಆಯ್ಕೆಗಳನ್ನು ತಿಳಿದು ಒತ್ತಿ. ಒಂದು: ಒಪ್ಪಿದೆ, ಸೇರುತ್ತೇನೆ. ಎರಡು: ಇದು ಇರಲಿ, ಮುಂದಿನ ಸುತ್ತಿಗೂ ಬರುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ನನಗೆ ಕೆಇಎ ಸೀಟೇ ಬೇಡ.

ನಿಮ್ಮ ಆಪ್ಶನ್ ಪಟ್ಟಿ ತೆಗೆದು ಹತ್ತಿರದ ಕಾಲೇಜು ಎಷ್ಟನೇ ಸಾಲಿನಲ್ಲಿದೆ ನೋಡಿ. ಎರಡನೇ ಆಯ್ಕೆ ಒತ್ತಿದವರಿಗೆ ಸಿಕ್ಕ ಸೀಟಿಗಿಂತ ಮೇಲೆ ಬರೆದವನ್ನಷ್ಟೇ ಪರಿಗಣಿಸುತ್ತಾರೆ. ಬಹಳ ಮಂದಿ ಎಡವುವುದು ಇಲ್ಲೇ.

ನಾಲ್ಕೂ ವರ್ಷದ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ಶುಲ್ಕ, ಹಾಸ್ಟೆಲ್, ಊಟ, ಬಸ್ಸು, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ.

ಸಾಲದ ಬಡ್ಡಿಯನ್ನೂ ಅದರಲ್ಲೇ ಸೇರಿಸಿ. ವರ್ಷಕ್ಕೆ 1 ಲಕ್ಷದಂತೆ 4 ವರ್ಷ ತೆಗೆದು, ಓದು ಮುಗಿದ ಒಂದು ವರ್ಷಕ್ಕೆ ಕಂತು ಶುರು ಮಾಡಿದರೆ, ಶೇ. 10ರ ಸಾದಾ ಬಡ್ಡಿಯೇ ಆ ಹೊತ್ತಿಗೆ 1.4 ಲಕ್ಷ ಆಗಿರುತ್ತದೆ.

371ಜೆ ಪ್ರಮಾಣಪತ್ರ ಮಾಡಿಸಿ. ಬಳ್ಳಾರಿ, ವಿಜಯನಗರ ಜಿಲ್ಲೆಗಳು ಕಲ್ಯಾಣ ಕರ್ನಾಟಕದೊಳಗಿವೆ. ಇಲ್ಲಿನ ಕಾಲೇಜುಗಳ ಮೀಸಲು ಸೀಟಿಗೆ ಈ ಕಾಗದವೇ ಆಧಾರ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿ.

ಯಾವ ಕೆಲಸ ಬೇಕೆಂದು ಮೊದಲು ಹೇಳಿಕೊಳ್ಳಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೋ ದೋಣಿಮಲೆಯ ಎನ್‌ಎಂಡಿಸಿ ಗಣಿಯೋ ಗುರಿಯಾದರೆ, ಅಲ್ಲಿನ ಹಳೆಯ ನೇಮಕಾತಿ ಪ್ರಕಟಣೆ ತೆಗೆದು ಯಾವ ಬ್ರಾಂಚು ಕೇಳಿದ್ದಾರೆ ಓದಿ.

ಡಿಪ್ಲೊಮಾ ದಾರಿಯನ್ನೂ ತೂಗಿ. ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು.

ಕಾಲೇಜಿಗೆ ಹೋಗಿ ಕೊನೆಯ ವರ್ಷದ ಹುಡುಗರನ್ನು ಕೇಳಿ: ಕ್ಯಾಂಪಸ್‌ಗೆ ಯಾರು ಬಂದರು, ನಿಮ್ಮ ಬ್ರಾಂಚಿನಿಂದ ಎಷ್ಟು ಮಂದಿಯನ್ನು ತೆಗೆದುಕೊಂಡರು?

ಓಡಾಟದ ವೇಳೆ, ಖರ್ಚು ಎರಡನ್ನೂ ಲೆಕ್ಕ ಹಾಕಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹುಡುಗರು ಪಾಸಿನ ದುಡ್ಡು ಹಿಡಿಯಲಿ.

ಮಾಡಬಾರದ್ದು

ಇನ್ನೊಂದು ಸೀಟು ಕೈಗೆ ಬರುವ ಮೊದಲು ಇದ್ದದ್ದನ್ನು ಬಿಡುವುದು ಬೇಡ.

ಗೆಳೆಯ ಒತ್ತಿದ ಆಯ್ಕೆಯನ್ನೇ ಒತ್ತುವುದು ಬೇಡ.

ಪಾಸ್‌ವರ್ಡನ್ನೂ ಒಟಿಪಿಯನ್ನೂ ಸೈಬರ್ ಸೆಂಟರಿನವರ ಕೈಗೆ ಕೊಡಬಾರದು.

ಊರ ಹೆಸರು ನೋಡಿ ಕಾಲೇಜು ಅಳೆಯಬಾರದು. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಕಾಲೇಜು, ಬಳ್ಳಾರಿಯ ಆರ್‌ವೈಎಂಇಸಿ ಎರಡೂ ವಿಟಿಯು ಅಡಿಯವೇ. ಬೆಂಗಳೂರಿನ ಎಷ್ಟೋ ಕಾಲೇಜುಗಳಿಗೂ ಪದವಿ ಕೊಡುವುದು ಬೆಳಗಾವಿಯ ಅದೇ ವಿಟಿಯು.

ಹತ್ತಿರವಿದೆ ಎಂದ ಮಾತ್ರಕ್ಕೆ ಬೇಡದ ಬ್ರಾಂಚು ಹಿಡಿಯುವುದೂ ಬೇಡ.

ಬ್ಯಾಂಕಿನಲ್ಲಿ ಕೇಳದೆ, ಸಾಲದ ನಂಬಿಕೆಯ ಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಡಬಾರದು.

ಮೊದಲ ವರ್ಷದ ಶುಲ್ಕಕ್ಕೆ ಹೊಲ ಮಾರುವುದು ಬೇಡ. ಮುಂದಿನ ಮೂರು ವರ್ಷಕ್ಕೆ ಮಾರಲು ಏನೂ ಉಳಿಯುವುದಿಲ್ಲ.

ಏಜೆಂಟರಿಗೆ ದುಡ್ಡು ಕೊಡಬಾರದು. ಕೆಇಎ ಸೀಟು ರ‍್ಯಾಂಕು ಮತ್ತು ಮೀಸಲಾತಿಯ ಮೇಲೆ ಹಂಚಿಕೆಯಾಗುತ್ತದೆ.

ಮೂಲ ಅಂಕಪಟ್ಟಿಯನ್ನು ಕಾಲೇಜಿನಲ್ಲಿ ಬಿಟ್ಟು ಬರುವುದು ಬೇಡ. ನೋಡಿ ಮರಳಿಸಬೇಕೆಂದು ಯುಜಿಸಿ 2018ರಲ್ಲೇ ಹೇಳಿದೆ.

ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಸೇರಿದ ಮೇಲೆ ಕಾಲೇಜು ಸರಿಬರದಿದ್ದರೆ ಮನೆಯಲ್ಲಿ ಮುಚ್ಚಿಡುವುದು ಬೇಡ. ಸೇರಿದ ವಾರದಲ್ಲೇ ಹೇಳಿ.