ಗುಳಿಗೆ ಬಿಡುವ ಮುಂಚೆ ಫೈಲು ಬಿಚ್ಚಿರಿ

ಪ್ರಶ್ನೆ: ನನಗ 46 ವರ್ಷ, ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯವಳು. ಹ್ವಾದ ವರ್ಷ ಸೊಲ್ಲಾಪುರದಾಗ ಎಡ ಸ್ತನ ತಗದ್ರು. ಕಿಮೋ, ಕರೆಂಟು ಎಲ್ಲಾ ಮುಗೀತು. ಈಗ ದಿನಾ ಒಂದು ಟಮಾಕ್ಸಿಫೆನ್ ಗುಳಿಗಿ, ಐದು ವರ್ಷ ಅಂದಾರ. ಒಮ್ಮಿಂದೊಮ್ಮೆ ಮೈಯೆಲ್ಲಾ ಉರೀತದ, ರಾತ್ರಿ ನಿದ್ದಿ ಇಲ್ಲ. ಗಂಟು ಹ್ವಾದ ಮ್ಯಾಲ ಗುಳಿಗಿ ಯಾಕ ಅಂತಾಳ ನಾದಿನಿ. ಡಾಕ್ಟರು ಮರಾಠಿಯಾಗ ಹೇಳಿದ್ದು ತಿಳೀತದ, ತಿರುಗಿ ಕೇಳಾಕ ಬಾಯಿ ಬರಂಗಿಲ್ಲ.

ಉತ್ತರ: ನೀವಾಗಿಯೇ ಬಿಡಬೇಡಿರಿ. ಫೈಲಿನಲ್ಲಿ ಬಯಾಪ್ಸಿ ರಿಪೋರ್ಟಿನ ಜೊತೆ ಇನ್ನೊಂದು ಹಾಳೆ ಇರುತ್ತದೆ. ಓದು ಬಲ್ಲವರ ಕೈಲಿ ಓದಿಸಿ. ಅದರಲ್ಲಿ ‘ಇಆರ್’, ‘ಪಿಆರ್’ ಎಂಬ ಸಾಲುಗಳಿವೆ. ಅವುಗಳ ಮುಂದೆ ಪಾಸಿಟಿವ್ ಎಂದಿದ್ದರೆ ನಿಮ್ಮ ಗಂಟು ಹೆಣ್ಣು ಹಾರ್ಮೋನಿನ ಬಲದಿಂದ ಬೆಳೆದದ್ದು. ಸ್ಕ್ಯಾನಿಗೂ ಸಿಗದ ಕಣಗಳು ಮೈಯಲ್ಲಿ ಉಳಿದಿರಬಹುದು. ಆ ಬಲ ಅವಕ್ಕೆ ಸಿಗದಂತೆ ಈ ಗುಳಿಗೆ ತಡೆಯುತ್ತದೆ. ಇಂಥವರು ಐದು ವರ್ಷ ನುಂಗಿದರೆ, 15 ವರ್ಷಗಳಲ್ಲಿ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಎರಡೂ ನೆಗೆಟಿವ್ ಇದ್ದರೆ ಮಾತ್ರ ನಿಮ್ಮ ನಾದಿನಿಯ ಪ್ರಶ್ನೆ ಸರಿ, ಅದನ್ನೇ ಡಾಕ್ಟರಿಗೆ ಕೇಳಿರಿ.

ಮೈ ಉರಿಗೆ ಔಷಧವಿದೆ. ಆದರೆ ಈ ಉರಿಗೂ ಬರೆದುಕೊಡುವ ಖಿನ್ನತೆಯ ಮಾತ್ರೆಗಳಲ್ಲಿ ಕೆಲವು ಟಮಾಕ್ಸಿಫೆನ್ನಿನ ಶಕ್ತಿ ಕುಗ್ಗಿಸುತ್ತವೆ, ಹಾಗಾಗಿ ಯಾವ ವೈದ್ಯರಲ್ಲಿಗೆ ಹೋದರೂ ಈ ಗುಳಿಗೆಯ ಹೆಸರು ಹೇಳಿರಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಕಾಲು ಬಾತು ನೋವಾದರೆ ತಡಮಾಡಬೇಡಿರಿ.

ಇನ್ನು ಭಾಷೆ. ಸೊಲ್ಲಾಪುರದ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಸಿಸ್ಟರ್ ಸಿಗದಿರುವುದು ಅಪರೂಪ. ‘ಕನ್ನಡದಾಗ ಹೇಳ್ರಿ’ ಎನ್ನಲು ಸಂಕೋಚವೇಕೆ? ಕೇಳಬೇಕಾದ್ದನ್ನು ಮನೆಯಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಹೋಗಿರಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಜಿಲ್ಲೆಯಲ್ಲೇ ಇದೆ. ಮುಂಬೈನ ಟಾಟಾ ಆಸ್ಪತ್ರೆಗಾದರೆ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಇದೆ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಸ್ಲೀಪರಿನಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ಟಿನ ದುಡ್ಡಿಲ್ಲ, ಜೊತೆಗೆ ಬರುವವರಿಗೆ ಮುಕ್ಕಾಲು ಪಾಲು ರಿಯಾಯಿತಿ.

ಪ್ರಶ್ನೆ: ಕುಂಭಾರಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುತ್ತೇನೆ. ಆಪರೇಷನ್ ಆದ ಕಡೆಯ ಕೈ ಬಾತು ಬಳೆ ಏರುತ್ತಿಲ್ಲ. ಕೆಲಸ ಬಿಡಬೇಕೇ? ಎದೆ ಒಂದು ಕಡೆ ಬರಿದಾಗಿದೆ ಎಂದು ಮದುವೆ-ಮುಂಜಿಗೂ ಹೋಗುತ್ತಿಲ್ಲ.

ಉತ್ತರ: ಕಂಕುಳಿನ ಗ್ರಂಥಿ ತೆಗೆದಾಗ ಅಲ್ಲಿಂದ ಹರಿದುಹೋಗುವ ದ್ರವ ಕೈಯಲ್ಲೇ ನಿಲ್ಲುತ್ತದೆ. ಕೈ ಆಡಿಸದೆ ಇಡುವುದು ಮದ್ದಲ್ಲ. ನಿಧಾನವಾಗಿ ಹೆಚ್ಚಿಸುವ ವ್ಯಾಯಾಮದಿಂದ ಬಾವು ಬೆಳೆಯುವುದಿಲ್ಲ. ಬೀಡಿ ಮೊರ ತೊಡೆಯ ಮೇಲಿಟ್ಟು ತಾಸುಗಟ್ಟಲೆ ಕೂರಬೇಡಿರಿ. ಅರ್ಧ ತಾಸಿಗೊಮ್ಮೆ ಎದ್ದು, ಕೈ ತಲೆಯ ಮೇಲೆತ್ತಿ, ಮುಷ್ಟಿ ಬಿಗಿದು ಬಿಡಿರಿ. ಫಿಜಿಯೋಥೆರಪಿಯವರು ಅಳತೆ ತೆಗೆದು ಕೊಡುವ ಬಿಗಿ ತೋಳುಚೀಲ ಹಗಲು ಹಾಕಿಕೊಳ್ಳಿ. ಕೈ ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ, ಆಂಟಿಬಯೋಟಿಕ್ ಬೇಕಾಗುತ್ತದೆ.

ಕುಪ್ಪಸದೊಳಗೆ ಇಟ್ಟುಕೊಳ್ಳಲು ದಾರದಲ್ಲಿ ಹೆಣೆದ ಹಗುರ ಸ್ತನವನ್ನು ನಿಟೆಡ್ ನಾಕರ್ಸ್ ಇಂಡಿಯಾ ಎಂಬ ಸ್ವಯಂಸೇವಕಿಯರ ಗುಂಪು ಪುಕ್ಕಟೆ ಕೊಡುತ್ತದೆ. ಇನ್ನೊಂದು: ಇದೇ ಆಪರೇಷನ್ ಆಗಿ ನಾಲ್ಕೈದು ವರ್ಷ ಕಳೆದ ಯಾರಾದರೂ ನಿಮ್ಮೊಡನೆ ಮಾತಾಡಲು ಒಪ್ಪುತ್ತಾರೆಯೇ ಎಂದು ವಾರ್ಡಿನ ಸಿಸ್ಟರನ್ನು ವಿಚಾರಿಸಿರಿ. ಅಂಥ ಒಂದು ತಾಸಿನ ಮಾತು ನನ್ನಂಥವರ ಹತ್ತು ಉಪದೇಶಕ್ಕಿಂತ ಮೇಲು.

ಪ್ರಶ್ನೆ: ವರ್ಷಕ್ಕೊಮ್ಮೆ ಪೆಟ್ ಸ್ಕ್ಯಾನ್ ಬೇಕೇ?

ಉತ್ತರ: ತೊಂದರೆ ಏನೂ ಇಲ್ಲದಿದ್ದರೆ ಬೇಡ, ಅದಕ್ಕಾಗಿ ಸಾಲ ಮಾಡಲೇಬೇಡಿರಿ. ಉಳಿದ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಮ್, ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ ಕೈಪರೀಕ್ಷೆ ಸಾಕು. ಬಿಡದ ಎಲುಬು ನೋವು, ಉಬ್ಬಸ, ಹೊಸ ಗಂಟು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿರಿ.